ಅರ್ಧ ತಾಳ

ಆಟಗಾರರ ವಸತಿಗೃಹ
ಭಾನುವಾರ, ಮಾರ್ಚ್ ೧೬

ಪ್ರೀತಿಯ ಪುಟ್ಟಿ,

ಕಿವಿಯ ನೋವು ಹೇಗಿದೆ? ನಮ್ಮ ಸ್ಪರ್ಧೆ ಮುಗಿದು ಮೂರು ದಿನವಾಯಿತು, ಈಗ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಆ ಅರ್ಧವನ್ನು ಅಮ್ಮ ಕೂಗಿ ಹೇಳಿ ಬೀದಿಗೆಲ್ಲ ತಿಳಿಸುತ್ತಾಳೆ. ಅದಕ್ಕೇ ಕಾಗದ.

ನೀನಿಲ್ಲದೆ ನಾನು ಸಂಗೀತದ ತಾಳಕ್ಕೆ ಜೋಡಿ ಈಜಿಗೆ ಇಳಿದದ್ದು ಇದೇ ಮೊದಲು. ನಿನ್ನ ಜಾಗಕ್ಕೆ ಬಂದವಳನ್ನು ಇಲ್ಲಿ ಎಲ್ಲರೂ ಕಡ್ಡಿ ಎನ್ನುತ್ತಾರೆ, ಅಷ್ಟು ತೆಳ್ಳಗಿದ್ದಾಳೆ. ಒಳ್ಳೆಯ ಹುಡುಗಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ನೀರಿನಲ್ಲಿ ಕೆದರದಂತೆ ನನ್ನ ಕೂದಲಿಗೆ ಬಿಸಿ ಜೆಲಾಟಿನ್ ಬಳಿಯುವ ಮೊದಲು, ನಿಮ್ಮ ತಂಗಿ ಎಲ್ಲಿಂದ ಶುರು ಮಾಡುತ್ತಿದ್ದರು ಎಂದು ಕೇಳಿದಳು. ಹೇಗಾದರೂ ಬಳಿ ಎಂದೆ.

ಪ್ರಾದೇಶಿಕ ಚಾಂಪಿಯನ್‌ಶಿಪ್ಪಿಗೆ ಬಂದಿದ್ದ ಒಂಬತ್ತು ದೇಶಗಳ ಜೋಡಿಗಳಲ್ಲಿ ನಾವು ನಾಲ್ಕನೆಯವರು. ಪದಕ ಕೈತಪ್ಪಿತು. ಮೊದಲೆಲ್ಲ ಚೆನ್ನಾಗಿಯೇ ಇತ್ತು. ತಲೆಕೆಳಗಾಗಿ ಕಾಲೆತ್ತಿದಾಗ ಚಪ್ಪಾಳೆ ನೀರಿನೊಳಕ್ಕೂ ಬಂತು. ಕೊನೆಯ ತಿರುವಿನಲ್ಲಿ ನಾನು ತಡವಾದೆ. ನೀರಿನೊಳಗಿನ ಸ್ಪೀಕರಿನ ಸಂಗೀತ ನಿನಗೆ ಸರಿಯಾಗಿ ಕೇಳಿಸದಂತಾದ ಮೇಲೆ ನೀನು ನನ್ನ ಭುಜ ನೋಡಿ ತಿರುಗುತ್ತಿದ್ದೆಯಲ್ಲ, ಆಗೆಲ್ಲ ನಾನು ಅರ್ಧ ತಾಳ ತಡೆದು ನಿನ್ನ ಜೊತೆಗೆ ತಿರುಗುತ್ತಿದ್ದೆ. ಮೊನ್ನೆಯೂ ಹಾಗೆಯೇ ತಡೆದುಬಿಟ್ಟೆ. ಕಡ್ಡಿ ಸರಿಯಾದ ತಾಳಕ್ಕೆ ತಿರುಗಿಯಾಗಿತ್ತು. ಅವಳ ಕಾಲು ಮೊದಲು, ನನ್ನದು ಆಮೇಲೆ. ತೀರ್ಪುಗಾರರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

ಅಂಕ ಬಂದಾಗ ಪಾಪ, ಕಡ್ಡಿ ತನ್ನದೇ ತಪ್ಪೆಂದುಕೊಂಡು ಅತ್ತಳು. ನಾನು ನಮ್ಮ ಕೋಚ್ ಟೀಚರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದೆ. ಅವರು ಟವೆಲನ್ನು ನನ್ನ ಹೆಗಲಿಗೆ ಹೊದಿಸಿ, "ನೀನಿನ್ನೂ ಅವಳ ಜೊತೆಗೇ ಈಜ್ತಾ ಇದ್ದೀಯಮ್ಮ" ಎಂದರು, ಅಷ್ಟೇ. ಆಮೇಲೆ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ. ಜೆಲಾಟಿನ್ ಕರಗಲು ಹೊತ್ತು ಬೇಕಲ್ಲ, ಯಾರೂ ಏನೂ ಕೇಳಲಿಲ್ಲ.

ಔಷಧಿ ತಪ್ಪಿಸಬೇಡ. ಅಮ್ಮ ಕರೆದಾಗ ಕೇಳಿಸಲಿಲ್ಲ ಎನ್ನಲು ನಿನಗೀಗ ಒಳ್ಳೆಯ ನೆಪ ಸಿಕ್ಕಿದೆ, ಹದವಾಗಿ ಬಳಸು. ಅಪ್ಪನಿಗೆ ನಾನು ಚೆನ್ನಾಗಿದ್ದೇನೆಂದು ಹೇಳು. ನಿನ್ನ ನೋವೆಲ್ಲ ಬೇಗ ಕಳೆಯಲಿ, ಮುಖದಲ್ಲಿ ನಗು ಮರಳಲಿ, ನನ್ನ ಕಂದ.

ನಿನ್ನ
ಅಕ್ಕ

ತಾ.ಕ.: ಮುಂದಿನ ವರ್ಷವೂ ಕಡ್ಡಿಯ ಜೊತೆಗೇ ಇಳಿಯುತ್ತೀಯಾ ಎಂದು ಟೀಚರ್ ನಿನ್ನೆ ಕೇಳಿದರು. ನೀನು ಇನ್ನು ನೀರಿಗೆ ಇಳಿಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿರುವುದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ತಂಗಿಯನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ ಪುಟ್ಟಿ. ಆಗಲಿ ಎಂದುಬಿಟ್ಟೆ.