ಹರಿಹರದಲ್ಲಿ ಹೇಳಿ ಬಂದದ್ದು

ನವೆಂಬರ್ 12, ಬುಧವಾರ

ಸಾಕಾಗಿದೆ. ಹರಿಹರದ ಅಕ್ಕಿ ಗಿರಣಿಯ ಇಬ್ಬರು ಪಾಲುದಾರರ ಜಗಳಕ್ಕೆ ನಾನು ಮಧ್ಯಸ್ಥಗಾರ. ಕಕ್ಷಿದಾರರ ಜೊತೆ ನಂಟಿದ್ದರೆ ಮೊದಲೇ ಹೇಳಬೇಕೆಂಬುದು ಕಾಯ್ದೆ. ಹೇಳಿದೆ: ಪಾಲುದಾರರಲ್ಲೊಬ್ಬರಾದ ಕೊಟ್ಟೂರಪ್ಪನವರ ಮಗ ನನ್ನ ಮಗಳು ಅಂಕಿತಾಳನ್ನು ನೋಡಲು ಬಂದಿದ್ದ, ಆದರೆ ಅವರ ಮನೆಯವರು ಒಪ್ಪಲಿಲ್ಲ.

ಎದುರು ಪಾಲುದಾರ ಮಹಾಂತೇಶ್ ನಕ್ಕ. "ಊರಿಗೇ ಗೊತ್ತೈತೆ ಬಿಡ್ರಿ ಸರ್. ಅವರ ಮ್ಯಾಲೆ ಸಿಟ್ಟಿದ್ರೆ ನನಗೇ ಲಾಭ." ಕೊಟ್ಟೂರಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದರು.

ಊಟಕ್ಕೆ ಕೂತಾಗ ಇದನ್ನು ಮನೆಯಲ್ಲಿ ಹೇಳಿದೆ. ರೊಟ್ಟಿ ಬಡಿಸುತ್ತಿದ್ದ ಅಂಕಿತಾಳ ಕೈ ನಿಂತಿತು.

"ಅಪ್ಪಾ, ಬ್ಯಾಡ ಅಂದಿದ್ದು ನಾನು. ನಿನಗೆ ಬೇಜಾರಾಗಬಾರದು ಅಂತ ಕೊಟ್ಟೂರಪ್ಪನವರೇ ತಮ್ಮ ಮ್ಯಾಲೆ ಹಾಕ್ಕೊಂಡ್ರು."

ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡ ಮನುಷ್ಯನ ಋಣದಲ್ಲಿ ನಾನಿದ್ದೇನೆ. ನಾಳೆ ಮತ್ತೆ ಹರಿಹರಕ್ಕೆ ಹೋಗಿ, ಅವರೆದುರೇ, ಕಾಯ್ದೆ ಪ್ರಕಾರ ಇದನ್ನೂ ಹೇಳಬೇಕು.