ಜಗಳಗಂಟಿಯ ಎದೆನೀರು

ಲಾಯದ ಪಕ್ಕದ ಕೋಣೆ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೋ ಇಲ್ಲವೋ? ಎಣ್ಣೆ ಹಚ್ಚಿಕೋ ಎಂದರೆ ಹಚ್ಚಿಕೊಳ್ಳುವ ಪೈಕಿಯಲ್ಲ ನೀನು. ನಾನು ಗಟ್ಟಿಯಾಗಿದ್ದೇನೆ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವಳ ಅಕ್ಷರ, ನಿಧಾನವಾಗಿ ಓದು.

ನಿನ್ನ ಕುದುರೆ ಜಗಳಗಂಟಿ ಉಳಿಯುವುದಿಲ್ಲ. ಸುತ್ತಿಬಳಸಿ ಹೇಳಲು ನನಗೆ ಬಾರದು. ನೀನು ಕೆಲಸಕ್ಕಿರುವ ಫಾರಂನಿಂದ ಅವಳನ್ನು ನಮ್ಮ ಲಾಯಕ್ಕೆ ಲಾರಿ ಹತ್ತಿಸಿ ಕಳಿಸಿದೆ, ಹಿಂದೆಯೇ ಅವಳ ಮರಿಯನ್ನೂ ಕಳಿಸುತ್ತೇನೆ ಎಂದೆ. ಲಾರಿಯಲ್ಲಿ ಪಕ್ಕದ ಕುದುರೆಯನ್ನು ಕಚ್ಚದಿರಲೆಂದು ನೀನು ಮೇಲಿನ ಕಂಬಿಗೆ ಗಿಡ್ಡವಾಗಿ ಬಿಗಿದಿದ್ದ ಹಗ್ಗವನ್ನು ನಾನು ಬಿಚ್ಚುವಾಗಲೇ ಅವಳು ಕೆಮ್ಮುತ್ತಿದ್ದಳು. ಆಮೇಲೆ ಜ್ವರ ಬಂತು, ಮೇವು ಬಿಟ್ಟಳು. ನನ್ನ ತೋಳಿಗೆ ಬಾಯಿ ಹಾಕುವುದನ್ನೂ ಬಿಟ್ಟಳು; ಆಗ ನನಗೆ ಹೆದರಿಕೆಯಾಯಿತು. ಮುಂಗಾಲು ಅಗಲಿಸಿ ನಿಂತವಳು ಮಲಗಲೇ ಇಲ್ಲ.

ಕುದುರೆ ಡಾಕ್ಟರಮ್ಮ ಬಂದು ಸ್ಕ್ಯಾನ್ ಮಾಡಿ, ಶ್ವಾಸಕೋಶದ ಸುತ್ತ ನೀರು ತುಂಬಿದೆ ಎಂದರು. ಕೂದಲು ಬೋಳಿಸಿ, ಮರಗಟ್ಟುವ ಸೂಜಿ ಕೊಟ್ಟು, ಪಕ್ಕೆಲುಬುಗಳ ನಡುವೆ ಕೊಳವೆ ತೂರಿಸಿದರು. ಬಕೆಟ್ಟಿಗೆ ನೀರು ಬಿದ್ದದ್ದೇ ತಡ, ಲಾಯವೆಲ್ಲ ಕೊಳೆತ ನಾತ. ಡಾಕ್ಟರಮ್ಮನ ಮುಖ ಅಲ್ಲೇ ಇಳಿಯಿತು. ಕೊಳವೆಯ ಬಾಯಿಗೆ ತುದಿ ಕತ್ತರಿಸಿದ ಕಾಂಡೋಮ್ ಕಟ್ಟಬೇಕಂತೆ, ನೀರು ಹೊರಗೆ ಬಂದರೂ ಗಾಳಿ ಒಳಗೆ ನುಗ್ಗುವುದಿಲ್ಲವಂತೆ. ತರಲು ಹೋದವಳು ನಾನೇ. ಔಷಧಿ ಅಂಗಡಿಯವನು ನನ್ನ ನರೆತ ತಲೆಯನ್ನೇ ನೋಡುತ್ತ ನಿಂತ. "ಕುದುರೆಗೆ ಕಣಪ್ಪಾ" ಅಂದೆ. ಕೈಯಲ್ಲಿದ್ದ ಪೊಟ್ಟಣ ಬೀಳಿಸಿಬಿಟ್ಟ. ನೀನಿದ್ದಿದ್ದರೆ ವರ್ಷವಿಡೀ ಅದನ್ನೇ ಹೇಳಿಕೊಂಡು ನಗುತ್ತಿದ್ದೆ.

ಎರಡೂ ಪಕ್ಕೆಯ ನೀರನ್ನು ಬೇರೆ ಬೇರೆ ಶೀಶೆಯಲ್ಲಿ ಪರೀಕ್ಷೆಗೆ ಕಳಿಸಿದರು. ಎಡಗಡೆಯದನ್ನು ನಾನೇ ಬೆಳಕಿಗೆ ಹಿಡಿದು ನೋಡಿದೆ. ತೆಳು ಹಳದಿ, ಅದರಾಚೆ ಕಿಟಕಿಯ ಸರಳುಗಳು ಕಾಣುತ್ತಿದ್ದವು. ಸುಮ್ಮನೆ ಆಸೆ ಹುಟ್ಟಿತು. ಬಲಗಡೆಯದು ಬರೀ ಕೆಸರು. ಅದರಲ್ಲಿ ಇರಬೇಕಾದ ಸಕ್ಕರೆಯನ್ನೂ ರೋಗಾಣುಗಳು ತಿಂದು ಮುಗಿಸಿವೆ ಎಂದು ಪರೀಕ್ಷೆಯಲ್ಲಿ ಬಂತು. ಔಷಧಿ ಬದಲಾಯಿಸಿದರು, ಉಪ್ಪುನೀರು ಬಿಟ್ಟು ಎದೆಯೊಳಗೆ ತೊಳೆದರು. ತೆಗೆದಷ್ಟೂ ತುಂಬುತ್ತದೆ. ಈಗ ಗೊರಸುಗಳೂ ಕಾದ ಹೆಂಚಿನಂತಾಗಿವೆ, ಹೆಜ್ಜೆ ಎತ್ತಿಡಲಾರಳು. "ಅಮ್ಮಾ, ಇನ್ಮೇಲೆ ನಾನು ಮಾಡೋದೆಲ್ಲ ನಿಮ್ಮ ಸಮಾಧಾನಕ್ಕೆ, ಅವಳಿಗಲ್ಲ" ಎಂದರು ಡಾಕ್ಟರಮ್ಮ. ನಾಳೆ ಬೆಳಿಗ್ಗೆ ಕೊನೆಯ ಇಂಜೆಕ್ಷನ್. ಹೂಂ ಅಂದಿದ್ದೇನೆ. ನೀನು ಬಂದು ಮುಖ ನೋಡಲಿ ಎಂದು ಅವಳನ್ನು ಹಾಗೆ ನಿಲ್ಲಿಸಿಕೊಳ್ಳುವುದು ನನ್ನಿಂದಾಗದು. ಸಿಟ್ಟು ಬಂದರೆ ನನ್ನ ಮೇಲಿರಲಿ, ಡಾಕ್ಟರಮ್ಮನಿಗೆ ಏನೂ ಅನ್ನಬೇಡ.

ಈ ರೋಗ ಹೇಗೆ ಬಂತು ಎಂದು ಫೋನಿನಲ್ಲಿ ಮತ್ತೆ ಮತ್ತೆ ಕೇಳಿದೆ. ಕುದುರೆಗೆ ರೋಗ ಬರಲು ನಿನ್ನ ಅಪ್ಪಣೆ ಬೇಕೇ? ಕೇಳಿದ್ದು ಸಾಕು, ಹೊಟ್ಟೆ ತುಂಬ ಊಟ ಮಾಡು.

ದೊಡ್ಡವಳು ಆಶೀರ್ವಾದ ಬರೆಯಬೇಕು, ಬರೆದಿದ್ದೇನೆ. ಚೆನ್ನಾಗಿರು ಮಾರಾಯ.

ನಿನ್ನ ಅಕ್ಕ

ಮರೆತಿದ್ದೆ: ಲಾರಿ ಡ್ರೈವರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಅವನ ಲಾರಿಗೇ ಮರಿಯನ್ನು ಹತ್ತಿಸುತ್ತೀಯಲ್ಲ, ಹಗ್ಗ ಉದ್ದ ಬಿಡು. ಕಚ್ಚಿದರೆ ಕಚ್ಚಲಿ. ದಾರಿಯುದ್ದಕ್ಕೂ ತಲೆ ಎತ್ತಿಸಿ ಕಟ್ಟಿದರೆ ಕುದುರೆಗೆ ತಲೆ ತಗ್ಗಿಸಿ ಕೆಮ್ಮಲು ಆಗುವುದಿಲ್ಲವಂತೆ, ದೂಳು ಕಫವೆಲ್ಲ ಎದೆಗೇ ಇಳಿಯುತ್ತದಂತೆ. ಇವಳನ್ನು ಹೇಗೆ ಕಟ್ಟಿದ್ದರು ಎಂದು ಡಾಕ್ಟರಮ್ಮ ಕೇಳಿದರು. ನಾನು ನೋಡಲಿಲ್ಲ ಅಂದೆ.