ಪುಟ್ಟಿಯ ರಟ್ಟಿನ ಸೇತುವೆ

ಅಕ್ಕಾ,

ಜಗತ್ತಿನ ಅರ್ಧ ಸೇತುವೆಗಳನ್ನು ಒಂಟಿ ಕೈಯಲ್ಲಿ ಕಟ್ಟಿದ ನಿನ್ನ ತಮ್ಮ ಕೆಲಸಕ್ಕೆ ಹೊರಟಿದ್ದಾನೆ. ಪುಟ್ಟಿ ಪಕ್ಕದ ಮನೆಯಲ್ಲಿದ್ದಾಳೆ, ಕರೆದುಕೊಂಡು ಬಾ.

ಇವತ್ತು ಅವಳ ಶಾಲೆಯಲ್ಲಿ ಮಕ್ಕಳ ರಟ್ಟಿನ ಸೇತುವೆಗಳನ್ನು ನೋಡಿ ವಾಕರಿಕೆ ಬಂತು. ಎಲ್ಲ ಅಪ್ಪ ಅಮ್ಮಂದಿರ ಕೈಕೆಲಸ! ಐದು ವರ್ಷದ ಕೂಸು ಅಷ್ಟು ನೇರವಾಗಿ ಕತ್ತರಿಸುತ್ತದೆಯೇ? ಥೂ, ನಾಚಿಕೆಗೆಟ್ಟ ಜನ.

ಟೀಚರ್ ನಮ್ಮ ಪುಟ್ಟಿಯನ್ನು ಕೇಳಿದರು: "ಇದು ಬೀಳದ ಹಾಗೆ ಹೇಗೆ ನಿಲ್ಸಿದೆ, ಮರಿ?"

"ಗೊತ್ತಿಲ್ಲ ಮಿಸ್. ಮಾಮ ನನ್ನನ್ನ ಟೀವಿ ಮುಂದೆ ಕೂರ್ಸಿದ್ರು."

ನಾಳೆ ಅವಳೇ ಮಾಡಿದ್ದನ್ನು ತರಬೇಕಂತೆ. ರಟ್ಟು, ಗೋಂದು ಮೇಜಿನ ಮೇಲಿವೆ. ಬಿದ್ದರೆ ಬೀಳಲಿ, ನೀನು ಕೈ ಹಾಕಬೇಡ. "ಈಗ ಏನ್ ಮಾಡ್ತೀಯ?" ಅಂತ ಮಾತ್ರ ಕೇಳು.

ಹೌದಕ್ಕ, ನಾನೇ ಮಾಡಿದ್ದು. ಎರಡು ಸಲ ಬಿದ್ದರೂ ಅವಳು ನಗುತ್ತಾ ಮತ್ತೆ ನಿಲ್ಲಿಸುತ್ತಿದ್ದಳು. ತಾಳ್ಮೆ ಕೆಟ್ಟು ಕಿತ್ತುಕೊಂಡವನು ನಾನು.